ಹಾಳಾದ ಡಿಸ್ಕಿಗೆ ಟೆಸ್ಟ್‌ಡಿಸ್ಕ್: ಬಳಸಿ ನೋಡಿದ ಮೇಲೆ

ಕಳೆದ ಮಳೆಗಾಲದಲ್ಲಿ ಕಡತಗಳನ್ನು ನಕಲಿಸುತ್ತಿದ್ದಾಗಲೇ ಕರೆಂಟ್ ಹೋಗಿ ನನ್ನ ಕಂಪ್ಯೂಟರ್ ನಿಂತುಹೋಯಿತು. ಮತ್ತೆ ಚಾಲೂ ಮಾಡಿದಾಗ, ಡಿಸ್ಕಿನ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಜೋಡಿಸಿಡುವ ಪದ್ಧತಿ) ವಿಭಾಗವನ್ನು ಗುರುತಿಸಲಾಗದೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳತೊಡಗಿತು. ಅದಕ್ಕೆ ಹೌದೆನ್ನದೆ ನಾನು ಮೊರೆಹೋದದ್ದು ಕ್ರಿಸ್ತೋಫ್ ಗ್ರೆನಿಯೆ ಅವರು ರೂಪಿಸಿದ, ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಉಚಿತವಾಗಿ ದೊರೆಯುವ, ಕಳೆದುಹೋದ ಡಿಸ್ಕ್ ವಿಭಾಗಗಳನ್ನು ಮರಳಿ ಪಡೆಯಲು ನೆರವಾಗುವ ಟೆಸ್ಟ್‌ಡಿಸ್ಕ್ ತಂತ್ರಾಂಶಕ್ಕೆ.

ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ (ವಿಭಾಗದ ರಚನೆಯ ವಿವರವಿರುವ ಮೊದಲ ತುಣುಕು) ಒಂದು ಪ್ರತಿಯನ್ನು ವಿಭಾಗದ ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ. ಟೆಸ್ಟ್‌ಡಿಸ್ಕ್ ಎರಡನ್ನೂ ಹೋಲಿಸಿ, ಮೂಲ ಕೆಟ್ಟಿದ್ದು ಪ್ರತಿ ಸರಿಯಿದ್ದರೆ, ಪ್ರತಿಯನ್ನೇ ಮೂಲದ ಜಾಗಕ್ಕೆ ಬರೆಯುವ ಆಯ್ಕೆಯನ್ನು ಮುಂದಿಡುತ್ತದೆ. ಡಿಸ್ಕಿನ ಮೇಲೆ ಏನನ್ನೂ ಬರೆಯುವ ಮೊದಲೇ ಪತ್ತೆಯಾದ ವಿಭಾಗದ ಕಡತಗಳ ಪಟ್ಟಿಯನ್ನು ನೋಡಿ, ಬೇಕಾದವನ್ನು ಬೇರೊಂದು ಡಿಸ್ಕಿಗೆ ನಕಲಿಸಿಕೊಳ್ಳಬಹುದೆಂಬುದೇ ನನ್ನ ಮಟ್ಟಿಗೆ ಇದರ ಅತಿ ದೊಡ್ಡ ಗುಣ. ನಾನು ಮೊದಲು ಮಾಡಿದ್ದೂ ಅದನ್ನೇ, ರಿಪೇರಿಗೆ ಕೈಹಾಕಿದ್ದು ಆಮೇಲೆ. ಲಿನಕ್ಸ್ ಬಳಸುವ ಎಕ್ಸ್ಟ್4 ವಿಭಾಗಗಳಲ್ಲಿ, ಇಂಥದೇ ವಿವರಗಳಿರುವ ಸೂಪರ್‌ಬ್ಲಾಕಿನ ಪ್ರತಿಗಳನ್ನೂ ಇದು ಹುಡುಕಿಕೊಡುತ್ತದೆ.

ಆದರೆ ತೆರೆಯ ಮೇಲೆ ಬರೀ ಅಕ್ಷರಗಳು. ಮೌಸಿಗೆ ಇಲ್ಲಿ ಕೆಲಸವಿಲ್ಲ. ಡಿಸ್ಕಿನ ಗಾತ್ರವನ್ನು ಎರಡೆರಡು ಸಲ ಓದಿ ಖಚಿತಪಡಿಸಿಕೊಳ್ಳದೆ ಮುಂದುವರಿದರೆ, ಚೆನ್ನಾಗಿರುವ ಡಿಸ್ಕಿನ ಮೇಲೆಯೇ ಬರೆದುಬಿಡುವ ಅಪಾಯವಿದೆ. ಇದರ ಜೊತೆಗೇ ಬರುವ, ಅಳಿದ ಕಡತಗಳನ್ನು ಮರಳಿ ಪಡೆಯುವ ಫೋಟೋರೆಕ್ ಎಂಬ ತಂತ್ರಾಂಶವು ಕಡತಗಳನ್ನು ಅವುಗಳ ಒಳಗಿನ ಗುರುತುಗಳಿಂದ ಪತ್ತೆಹಚ್ಚುವುದರಿಂದ ಮೂಲ ಹೆಸರುಗಳೂ ಫೋಲ್ಡರುಗಳೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಹೆಸರಿಲ್ಲದ ಸಾವಿರಾರು ಫೋಟೋಗಳನ್ನು ವಿಂಗಡಿಸುವ ಶಿಕ್ಷೆ ನಮಗೇ. ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ, ಅಂದರೆ ಅದರ ಯಂತ್ರಭಾಗವೇ ಕೆಟ್ಟಿರುವ ಸೂಚನೆಯಿದ್ದರೆ, ಈ ಎರಡು ತಂತ್ರಾಂಶಗಳನ್ನೂ ಆ ಡಿಸ್ಕಿನ ಮೇಲೆ ನೇರವಾಗಿ ಓಡಿಸಬಾರದು.