ಸಣ್ಣ ಸಂಸ್ಥೆಯ ಲೆಕ್ಕವನ್ನು ವರ್ಷವರ್ಷ ತೆರೆದಿಡುವ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್

ಅಮೆರಿಕದ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಪ್ರತಿವರ್ಷ ಸಲ್ಲಿಸುವ ಫಾರ್ಮ್ 990ರ ವಿವರಗಳನ್ನು ಪ್ರೊಪಬ್ಲಿಕಾ ಎಂಬ ಅಲ್ಲಿನ ತನಿಖಾ ಸುದ್ದಿಸಂಸ್ಥೆ 2013ರಿಂದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ಎಂಬ ಸೇವೆಯ ಮೂಲಕ ಉಚಿತವಾಗಿ ಒದಗಿಸುತ್ತಿದೆ. ಸಂಸ್ಥೆಯ ಹೆಸರು ಕೊಟ್ಟರೆ ಸಾಕು, ಆದಾಯ, ವೆಚ್ಚ, ಆಸ್ತಿ, ಸಾಲಗಳು ವರ್ಷವಾರು ಒಂದರ ಕೆಳಗೊಂದು ಸಿಗುತ್ತವೆ. ಇದರ ನಿಜವಾದ ಬೆಲೆ ಇರುವುದು ಅಲ್ಲಿಯೇ. ಒಂದೇ ವರ್ಷದ ಲೆಕ್ಕಪತ್ರ ಎಷ್ಟೇ ಚೊಕ್ಕವಾಗಿದ್ದರೂ ಸಂಸ್ಥೆ ಬೇರೂರುತ್ತಿದೆಯೋ ಸೊರಗುತ್ತಿದೆಯೋ ಎಂಬುದನ್ನು ಹೇಳಲಾರದು.

ಆದರೆ ಮೇಲ್ನೋಟದ ಮೊತ್ತಗಳನ್ನಷ್ಟೇ ನೋಡಿ ತೀರ್ಪು ಕೊಟ್ಟರೆ ಸಣ್ಣ ಸಂಸ್ಥೆಗೆ ಅನ್ಯಾಯವಾಗುತ್ತದೆ. ಮೂರು ವರ್ಷಗಳಲ್ಲಿ ಕಂತುಗಳಾಗಿ ಬರುವ 90,000 ಡಾಲರ್ ಅನುದಾನವನ್ನು ಕೊಡಲು ದಾನಿ ಷರತ್ತಿಲ್ಲದೆ ಒಪ್ಪಿಕೊಂಡಿದ್ದರೆ, ಅಕ್ರೂಯಲ್ ಪದ್ಧತಿಯಲ್ಲಿ (ಹಣ ಕೈಸೇರುವ ಮೊದಲೇ, ಅದರ ಮೇಲೆ ಹಕ್ಕು ಬಂದಾಗಲೇ ಆದಾಯವೆಂದು ಬರೆಯುವ ಕ್ರಮ) ಲೆಕ್ಕವಿಡುವ ಸಂಸ್ಥೆ ಬಹುಮಟ್ಟಿಗೆ ಇಡೀ ಮೊತ್ತವನ್ನು ಮೊದಲ ವರ್ಷದ ಆದಾಯಕ್ಕೇ ಸೇರಿಸಬೇಕಾಗುತ್ತದೆ. ಆಗ ಆ ವರ್ಷ ಭಾರಿ ಉಳಿತಾಯವೂ ಮುಂದಿನ ಎರಡು ವರ್ಷ ಕೊರತೆಯೂ ಕಾಣುತ್ತದೆ. ಕೆಲಸವಾಗಲಿ ಖರ್ಚಾಗಲಿ ಎಳ್ಳಷ್ಟೂ ಬದಲಾಗಿರುವುದಿಲ್ಲ. ಆದ್ದರಿಂದ ಮೂಲ ಫಾರ್ಮನ್ನೇ ತೆರೆದು, ಹತ್ತನೆಯ ಭಾಗದ ಆಸ್ತಿ-ಹೊಣೆ ಪಟ್ಟಿಯಲ್ಲಿ ದಾನಿಗಳು ನಿರ್ಬಂಧ ಹಾಕಿರುವ ಹಣವೆಷ್ಟು, ಹಾಕದಿರುವುದೆಷ್ಟು ಎಂದು ನೋಡಬೇಕು. ನಿರ್ಬಂಧವಿಲ್ಲದ ಮೊತ್ತದಲ್ಲಿ ಜಮೀನು, ಕಟ್ಟಡ, ಉಪಕರಣಗಳ ಮೌಲ್ಯವನ್ನು ಕಳೆದು, ಉಳಿದುದನ್ನು ತಿಂಗಳ ಖರ್ಚಿನಿಂದ ಭಾಗಿಸಿದರೆ, ಆದಾಯ ನಿಂತುಹೋದರೂ ಎಷ್ಟು ತಿಂಗಳು ಬಾಗಿಲು ತೆರೆದಿರಬಹುದೆಂಬ ಅಂದಾಜು ಸಿಗುತ್ತದೆ. ಸ್ವಂತ ಕಟ್ಟಡವಿದ್ದೂ ಸಂಬಳಕ್ಕೆ ಪರದಾಡುವ ಸಂಸ್ಥೆಯ ಸ್ಥಿತಿ ಬಯಲಾಗುವುದು ಈ ಲೆಕ್ಕದಲ್ಲಿ. ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲ ಅಂಕಿಗಳಿಗಿಂತ ಇದೇ ಮುಖ್ಯ.

ಸೇವೆಯ ಮಿತಿಗಳು ಬಹುಪಾಲು ಕಾನೂನಿನಿಂದಲೇ ಬಂದವು. ವಾರ್ಷಿಕ ಒಟ್ಟು ಜಮೆ ಸಾಮಾನ್ಯವಾಗಿ 50,000 ಡಾಲರ್ ಮೀರದ ಸಂಸ್ಥೆಗಳು 990-ಎನ್ ಎಂಬ ಕಿರು ಘೋಷಣೆಯನ್ನಷ್ಟೇ ಸಲ್ಲಿಸಬಹುದಾದ್ದರಿಂದ ಅವುಗಳ ಹಣಕಾಸು ಇಲ್ಲಿ ಕಾಣುವುದೇ ಇಲ್ಲ. ಅದಕ್ಕಿಂತ ತುಸು ದೊಡ್ಡವು ಬಳಸುವ 990-ಇಝಡ್ ಎಂಬ ಚಿಕ್ಕ ಫಾರ್ಮಿನಲ್ಲಿ ನಿವ್ವಳ ಆಸ್ತಿ (ಸಾಲಗಳನ್ನು ಕಳೆದು ಉಳಿಯುವ ಆಸ್ತಿ) ಒಂದೇ ಸಾಲಿನಲ್ಲಿರುತ್ತದೆ. ಮೇಲೆ ಹೇಳಿದ ವಿಂಗಡಣೆ ಸಿಗದು. ಜೊತೆಗೆ, ವರ್ಷ ಮುಗಿದ ಮೇಲೆ ಐದನೆಯ ತಿಂಗಳ 15ರವರೆಗೆ ಗಡುವು, ಕೇಳಿದರೆ ಇನ್ನೂ ಆರು ತಿಂಗಳ ಕಾಲಾವಕಾಶ ಇರುವುದರಿಂದ, ದೊಡ್ಡ ದಾನಿಯೊಬ್ಬರು ಈಚೆಗೆ ಕೈಬಿಟ್ಟಿದ್ದರೆ ಅದರ ಸುಳಿವು ಇಲ್ಲಿ ತಡವಾಗಿಯೇ ಸಿಗುತ್ತದೆ.

ನಡುವಿನ ಯಾವುದಾದರೂ ವರ್ಷದ ಫಾರ್ಮ್ ಕಾಣದಿದ್ದರೆ ಕಾರಣ ವಿಚಾರಿಸುವುದು ಒಳ್ಳೆಯದು, ಏಕೆಂದರೆ ಸತತ ಮೂರು ವರ್ಷ ಸಲ್ಲಿಸದ ಸಂಸ್ಥೆಯ ತೆರಿಗೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಇತ್ತೀಚಿನ ಮೂರು ವರ್ಷಗಳ ಫಾರ್ಮ್‌ಗಳನ್ನು ಕೇಳಿದವರಿಗೆ ತೋರಿಸುವುದು ಸಂಸ್ಥೆಯ ಕರ್ತವ್ಯವೂ ಹೌದು.