ಹುಡುಗಿ, ಹೆಣ, ಹಳೇ ಲಂಡನ್: ಮೂರು ಗಾಥಿಕ್ ಪತ್ತೇದಾರಿ ಕಾದಂಬರಿಗಳ ಹೋಲಿಕೆ

ಹದಿಹರೆಯದವರಿಗೆ ಬರೆದ ಗಾಥಿಕ್ (ಕತ್ತಲೆ, ಭಯ ತುಂಬಿದ) ಪತ್ತೇದಾರಿ ಕಾದಂಬರಿ ಅಂದರೆ ನನಗೆ ಮೊದಲಿನಿಂದಲೂ ಚಟ. ಈ ಸಲ ಮೂರನ್ನು ಒಂದರ ಹಿಂದೆ ಒಂದು ಓದಿದೆ. ಕೆರಿ ಮನಿಸ್ಕಾಲ್ಕೊ ಬರೆದ ‘ಸ್ಟಾಕಿಂಗ್ ಜ್ಯಾಕ್ ದ ರಿಪ್ಪರ್’ (2016), ಡೇನಾ ಶ್ವಾರ್ಟ್ಜ್ ಬರೆದ ‘ಅನಾಟಮಿ: ಎ ಲವ್ ಸ್ಟೋರಿ’ (2022), ಫಿಲಿಪ್ ಪುಲ್ಮನ್ ಬರೆದ ‘ದ ರೂಬಿ ಇನ್ ದ ಸ್ಮೋಕ್’ (1985). ಓದಿ ಮುಗಿಸಿದ್ದನ್ನು ಅಕ್ಕನ ಮಗಳಿಗೆ ದಾಟಿಸುತ್ತಾ ಹೋದೆ. ಅವಳಿಗೆ ಹದಿನಾಲ್ಕು.

ಮೊದಲ ಎರಡು ಪುಸ್ತಕಗಳು ಅಕ್ಕ ತಂಗಿಯರ ಹಾಗಿವೆ. ಎರಡರಲ್ಲೂ ಸಿರಿವಂತರ ಮನೆಯ ಹದಿನೇಳರ ಹುಡುಗಿ, ಹೆಣ ಕೊಯ್ದು ಕಲಿಯುವ ಹಟ, ಗಂಡಸಿನ ಬಟ್ಟೆ ತೊಟ್ಟು ತರಗತಿಗೆ ನುಗ್ಗುವ ಉಪಾಯ. ಆದರೆ ಒಂದು 1888ರ ಲಂಡನ್, ಇನ್ನೊಂದು 1817ರ ಸ್ಕಾಟ್ಲೆಂಡಿನ ಎಡಿನ್‌ಬರೋ. ನಡುವಿನ ಎಪ್ಪತ್ತು ವರ್ಷವೇ ನನ್ನ ತೀರ್ಪನ್ನು ಬರೆದುಬಿಟ್ಟಿತು.

1817ರಲ್ಲಿ ‘ಅನಾಟಮಿ’ಯ ನಾಯಕಿ ಹೇಜಲ್ ಸಿನೆಟ್‌ಗೆ ಆ ವೇಷ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅದಕ್ಕೂ ಐದು ವರ್ಷ ಮೊದಲು ಅದೇ ಊರಲ್ಲಿ ವೈದ್ಯ ಪದವಿ ಪಡೆದ ಜೇಮ್ಸ್ ಬ್ಯಾರಿ ಹುಟ್ಟಿನಿಂದ ಹೆಣ್ಣು ಎಂಬ ಸುದ್ದಿ ಹೊರಬಿದ್ದದ್ದು 1865ರಲ್ಲಿ, ಸತ್ತ ಮೇಲೆ. ಆದರೆ 1888ರ ಲಂಡನ್‌ನಲ್ಲಿ ಹೆಂಗಸರಿಗೆಂದೇ ವೈದ್ಯ ಶಾಲೆ ಶುರುವಾಗಿ ಹದಿನಾಲ್ಕು ವರ್ಷ ಆಗಿತ್ತು. ಇದು ನೆನಪಾದ ಮೇಲೆ ರಿಪ್ಪರ್ ಪುಸ್ತಕದ ನಾಯಕಿ ಆಡ್ರಿ ರೋಸ್ ತೊಡುವ ವೇಷ ನನಗೆ ಸುಮ್ನೆ ನಾಟಕ ಅನ್ನಿಸಿತು. ಅಪ್ಪ ಬಿಡುವುದಿಲ್ಲ, ನಿಜ. ಆದರೂ ಊರೇ ಬಾಗಿಲು ಹಾಕಿದೆ ಎನ್ನುವ ಉಸಿರುಗಟ್ಟುವಿಕೆ ಅಲ್ಲಿಲ್ಲ.

ಹೆಣದ ವಿಷಯದಲ್ಲೂ ಎಡಿನ್‌ಬರೋದ್ದೇ ಮೇಲುಗೈ. ಆಗ ಕೊಯ್ದು ಕಲಿಯಲು ಕಾನೂನಿನ ಪ್ರಕಾರ ಸಿಗುತ್ತಿದ್ದ ಹೆಣಗಳು ತೀರಾ ಕಡಿಮೆ. ಅದಕ್ಕೇ ರಾತ್ರಿ ಗೋರಿ ಅಗೆದು ಮಾರುವವರಿದ್ದರು. ಮೈಮೇಲಿನ ಬಟ್ಟೆಯನ್ನು ಗುಂಡಿಯಲ್ಲೇ ಬಿಟ್ಟು ಹೋಗುತ್ತಿದ್ದರು, ಅದನ್ನು ಒಯ್ದರೆ ಕಳ್ಳತನದ ಕೇಸು! ಮನೆಯವರು ಗೋರಿಯ ಮೇಲೆ ಕಬ್ಬಿಣದ ಪಂಜರ ಹಾಕಿಸುತ್ತಿದ್ದರು. 1828ರಲ್ಲಿ ಬರ್ಕ್ ಮತ್ತು ಹೇರ್ ಅಗೆಯುವ ಕಷ್ಟವೇ ಬೇಡ ಎಂದು ಹದಿನಾರು ಜನರನ್ನು ಕೊಂದು ಮಾರಿದ್ದು ಇದೇ ಊರಲ್ಲಿ. ಕಾನೂನು ಬದಲಾಗಿದ್ದು 1832ರಲ್ಲಿ. ಹೇಜಲ್ ಹೆಣ ಕೊಳ್ಳುವುದು ಜ್ಯಾಕ್ ಎಂಬ ಬಡ ಹುಡುಗನಿಂದ. ಅವನು ಅಗೆಯದಿದ್ದರೆ ಇವಳು ಕಲಿಯುವ ಹಾಗಿಲ್ಲ. ಈ ಪುಸ್ತಕದ ನಿಜವಾದ ಭಯ ಇರುವುದು ಈ ವ್ಯಾಪಾರದಲ್ಲಿ. ಆದರೆ ಕೊನೆಗೆ ಬರುತ್ತಾ ಕಥೆ ಇತಿಹಾಸದ ಕೈಬಿಟ್ಟು ಮಾಯದ ಕಡೆ ವಾಲುತ್ತದೆ. ಅಷ್ಟು ಹೊತ್ತು ಕೆಸರಲ್ಲಿ ನಡೆಸಿ ಆಮೇಲೆ ಗಾಳಿಯಲ್ಲಿ ಹಾರಿಸಿದರೆ ಹೇಗೆ?

ಮನಿಸ್ಕಾಲ್ಕೊ ಪುಸ್ತಕಕ್ಕೆ ಓಟ ಜಾಸ್ತಿ. ನಡುವೆ ಆ ಕಾಲದ ಕಪ್ಪು ಬಿಳುಪು ಚಿತ್ರಗಳಿವೆ, ಅವು ಚೆನ್ನಾಗಿ ಹೆದರಿಸುತ್ತವೆ. ಆಡ್ರಿ ರೋಸ್‌ಳ ತಾಯಿಯ ಕಡೆ ಭಾರತದ ರಕ್ತ ಇರುವುದೂ ನನಗೆ ಇಷ್ಟವಾಯಿತು. ಆದರೆ ಹೆಣದ ಪಕ್ಕದಲ್ಲೇ ಅವಳದ್ದೂ ಜೊತೆಗೆ ಕಲಿಯುವ ಥಾಮಸ್‌ನದ್ದೂ ಚೆಲ್ಲಾಟ. ಲಂಡನ್ನಿನ ವೈಟ್‌ಚಾಪೆಲ್ ಕೇರಿಯಲ್ಲಿ ಜ್ಯಾಕ್ ದ ರಿಪ್ಪರ್ ಎಂದು ಹೆಸರಾದ ಕೊಲೆಗಾರನ ಕೈಯಲ್ಲಿ ಸತ್ತವರು ಕಥೆಯಲ್ಲಿ ಕಟ್ಟಿದವರಲ್ಲ, ಬದುಕಿದ್ದ ಬಡ ಹೆಂಗಸರು ಅಲ್ವಾ? ಆ ಕೊಲೆಗಾರ ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕಾದಂಬರಿ ಒಬ್ಬನನ್ನು ತೋರಿಸಲೇಬೇಕು, ತೋರಿಸುತ್ತದೆ. ನನಗೆ ಅರ್ಧಕ್ಕೇ ಹೊಳೆದಿತ್ತು.

ಪುಲ್ಮನ್‌ದು ಬೇರೆ ಜಾತಿ. 1872ರ ಲಂಡನ್, ಹದಿನಾರರ ಸ್ಯಾಲಿ ಲಾಕ್‌ಹಾರ್ಟ್. ಅಪ್ಪ ಹಡಗಿನ ಜೊತೆ ಮುಳುಗಿ ಸತ್ತಿದ್ದಾನೆ. ಅವಳು ಆಡಿದ ಎರಡು ಪದ ಕೇಳಿ ಎದುರಿಗಿದ್ದವನು ಹೆದರಿ ಸತ್ತುಬೀಳುತ್ತಾನೆ, ಅದೂ ಮೊದಲ ಅಧ್ಯಾಯದಲ್ಲೇ. ಹೆಣ ಕೊಯ್ಯುವ ಕಲೆ ಇವಳಿಗೆ ಗೊತ್ತಿಲ್ಲ. ಲೆಕ್ಕಪತ್ರ ಗೊತ್ತು, ಪಿಸ್ತೂಲು ಗೊತ್ತು. ಕಥೆಯ ಬೇರು 1857ರ ಭಾರತದಲ್ಲಿದೆ, ಅಫೀಮಿನ ವ್ಯಾಪಾರದಲ್ಲಿದೆ. ಗಾಥಿಕ್ ಅನ್ನುವುದಕ್ಕಿಂತ ಆ ಕಾಲದ ಒಂದು ಪೆನ್ನಿಯ ರೋಚಕ ಕಥೆಗಳ ರುಚಿ ಜಾಸ್ತಿ. ಮೂರರಲ್ಲಿ ಬರವಣಿಗೆ ಗಟ್ಟಿ ಇರುವುದು ಇದರದ್ದೇ. ಆದರೂ ರಾತ್ರಿ ದೀಪ ಆರಿಸಲು ಹಿಂಜರಿದದ್ದು ‘ಅನಾಟಮಿ’ ಓದಿದಾಗ.

ಅಕ್ಕನ ಮಗಳ ಲೆಕ್ಕ ಬೇರೆ. ರಿಪ್ಪರ್ ಪುಸ್ತಕವನ್ನು ಎರಡು ರಾತ್ರಿಯಲ್ಲಿ ಮುಗಿಸಿ ಮುಂದಿನ ಭಾಗ ಕೇಳಿದಳು. ‘ಅನಾಟಮಿ’ಗೆ ಒಂದು ವಾರ ಹಿಡಿಯಿತು. “ಚಿಕ್ಕಮ್ಮ, ಪಂಜರ ಹಾಕಿಸಲು ದುಡ್ಡಿಲ್ಲದವರು ಏನು ಮಾಡುತ್ತಿದ್ದರು?” ಎಂದು ಕೇಳಿದಳು. ಹೆಣ ಕೊಳೆಯುವವರೆಗೆ ರಾತ್ರಿಯಿಡೀ ಗೋರಿಯ ಪಕ್ಕ ಕಾವಲು ಕೂರುತ್ತಿದ್ದರು ಎಂದೆ. ಅವಳು ಆಮೇಲೆ ಮಾತಾಡಲಿಲ್ಲ.