1932ರ ಫೋರ್ಡ್ ಚಾಸಿಸ್: ಒಂದು ವರ್ಕ್‌ಶಾಪಿನ ಕೆಲಸ ಕಂಡಂತೆ

ಕ್ಯಾಲಿಫೋರ್ನಿಯಾದ ಸಣ್ಣ ವರ್ಕ್‌ಶಾಪೊಂದಕ್ಕೆ ನನ್ನ 1932ರ ಫೋರ್ಡ್ ಹಾಟ್ ರಾಡ್‌ನ (ವೇಗಕ್ಕೆಂದು ಮಾರ್ಪಡಿಸಿದ ಹಳೆಯ ಕಾರು) ಚಾಸಿಸ್ (ಅಡಿಚೌಕಟ್ಟು) ಮತ್ತು ಸಸ್ಪೆನ್ಷನ್ ಪುನರ್ನಿರ್ಮಾಣವನ್ನು ವಹಿಸಿ, ಕೆಲಸ ಮುಗಿದ ಗಾಡಿಯನ್ನು ಎರಡು ತಿಂಗಳು ಓಡಿಸಿದ ಬಳಿಕ ಈ ವಿಮರ್ಶೆ ಬರೆಯುತ್ತಿದ್ದೇನೆ. ಫೆಂಡರ್‌ಗಳನ್ನು ಕಳಚಿದ ಈ ಮಾದರಿಯಲ್ಲಿ ಚಾಸಿಸ್‌ನ ಉಕ್ಕಿನ ತೊಲೆಗಳು ಬಾಡಿಯ ಕೆಳಗೆ ಹೊರಕ್ಕೇ ಕಾಣುವುದರಿಂದ, ಕೆಲಸ ವಕ್ರವಾದರೆ ಮರೆಮಾಚಲು ದಾರಿಯಿಲ್ಲ.

ಮೂಲ ತೊಲೆಗಳು ಒಂದು ಬದಿ ತೆರೆದಿರುವ ಸಿ-ಚಾನೆಲ್‌ಗಳು; 65 ಅಶ್ವಶಕ್ತಿಯ ಮೂಲ ವಿ8 ಎಂಜಿನ್‌ಗೆ ಅವು ಸಾಕಾಗಿದ್ದರೂ, ಹೆಚ್ಚು ಬಲದ ಎಂಜಿನ್ ಕೂರಿಸಿದರೆ ತಿರುಚಿಕೊಳ್ಳುತ್ತವೆ. ವರ್ಕ್‌ಶಾಪಿನವರು ಅವನ್ನು ಅಲುಗದಂತೆ ಹಿಡಿದಿಡುವ ಜಿಗ್‌ ಎಂಬ ಚೌಕಟ್ಟಿಗೆ ಬಿಗಿದು, ಕರ್ಣದ ಅಳತೆಗಳನ್ನು ಹೋಲಿಸಿ ನೇರಗೊಳಿಸಿದ ಮೇಲೆಯೇ ಒಳಬದಿಗೆ ಉಕ್ಕಿನ ಪಟ್ಟಿಗಳನ್ನು ಬೆಸೆದು ಪೆಟ್ಟಿಗೆಯಂತೆ ಮುಚ್ಚಿದರು. ಉದ್ದಕ್ಕೂ ಒಂದೇ ಸಲಕ್ಕೆ ಬೆಸೆಯದೆ, ಶಾಖಕ್ಕೆ ತೊಲೆ ಬಾಗದಂತೆ ಅಲ್ಲಲ್ಲಿ ಚಿಕ್ಕ ಚಿಕ್ಕ ಬೆಸುಗೆ ಹಾಕುತ್ತ ಬಂದ ಅವರ ತಾಳ್ಮೆಯನ್ನು ನಾನು ಕಣ್ಣಾರೆ ಕಂಡೆ. 106 ಇಂಚಿನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಎಡಬಲಗಳಲ್ಲಿ ಸಮನಾಗಿ ಬಂದಿದೆ.

ಮುಂಭಾಗದಲ್ಲಿ ಅಡ್ಡಲಾಗಿ ಕೂರುವ ಒಂದೇ ಲೀಫ್ ಸ್ಪ್ರಿಂಗನ್ನು (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಉಳಿಸಿಕೊಂಡದ್ದು ನನ್ನ ಹಟ. ಅದು ಷ್ಯಾಕಲ್‌ಗಳೆಂಬ ಅಲುಗಾಡುವ ಕೊಂಡಿಗಳ ಮೇಲೆ ತೂಗುವುದರಿಂದ, ಈಗ ಹಾಕಿರುವ, ಗಾಡಿಗೆ ಅಡ್ಡಲಾಗಿ ತಳ್ಳುವ ಸ್ಟೀರಿಂಗ್ ಜೋಡಣೆಯಲ್ಲಿ ಚಕ್ರಗಳು ತಿರುಗುವ ಮುನ್ನ ಆಕ್ಸಲ್ಲೇ ಪಕ್ಕಕ್ಕೆ ಸರಿಯುತ್ತದೆ. ಅದನ್ನು ತಡೆಯುವ ಪ್ಯಾನ್‌ಹಾರ್ಡ್ ರಾಡ್ ಇಲ್ಲದೆಯೇ ಗಾಡಿಯನ್ನು ಒಪ್ಪಿಸಿದ್ದು ದೊಡ್ಡ ಲೋಪ. ದೂರಿದ ಮೇಲೆ ಉಚಿತವಾಗಿ ಜೋಡಿಸಿಕೊಟ್ಟರಾದರೂ, ಒಟ್ಟು ಕೆಲಸ ಹೇಳಿದ್ದಕ್ಕಿಂತ ಐದು ವಾರ ತಡವಾಯಿತು. ಹಿಂಬದಿಯ ಕಾಯಿಲ್‌ಓವರ್‌ಗಳು (ಸುತ್ತಲೂ ಸುರುಳಿ ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್‌ಗಳು) ನನ್ನ ಬೆನ್ನಿಗೆ ತುಸು ಗಡುಸು. ಮುಂದಿನ ಗಾಡಿಯನ್ನೂ ಇವರಿಗೇ ಕೊಡುತ್ತೇನೆ. ಆದರೆ ಅಳವಡಿಸುವ ಬಿಡಿಭಾಗಗಳ ಪಟ್ಟಿಯನ್ನು ಮೊದಲೇ ಲಿಖಿತವಾಗಿ ಪಡೆದುಕೊಳ್ಳುತ್ತೇನೆ.